ಐಬೀರಿಯ: ಕೂರಾ ನದಿಯ ತೀರದ ಒಂದು ಪ್ರಾಚೀನ ರಾಜ್ಯ

ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವೆ ಕೋಟೆಯ ಗೋಡೆಯಂತೆ ಹಬ್ಬಿರುವ ಕಾಕಸಸ್ ಪರ್ವತಗಳನ್ನು ವಾಚಕರು ಭೂಪಟದಲ್ಲಿ ನೋಡಿರಬಹುದು. ಆ ಪರ್ವತಗಳ ದಕ್ಷಿಣದ ಮಗ್ಗುಲಲ್ಲಿ, ಕೂರಾ ನದಿಯ ಕಣಿವೆಯಲ್ಲಿ, ಎಂಟು ಶತಮಾನಗಳಿಗೂ ಮಿಕ್ಕಿ ಬಾಳಿದ ರಾಜ್ಯವೊಂದಿದ್ದಿತು. ಗ್ರೀಕರೂ ರೋಮನರೂ ಅದನ್ನು ಐಬೀರಿಯ ಎಂದು ಕರೆದರು. ಸ್ಪೇನ್ ದೇಶಕ್ಕೂ ಅವರು ಅದೇ ಹೆಸರನ್ನಿಟ್ಟಿದ್ದುದರಿಂದ ಎರಡನ್ನೂ ಒಂದೆಂದು ತಿಳಿಯಬಾರದು. ಸ್ವದೇಶೀಯರ ಬಾಯಲ್ಲಿ ಅದರ ಹೆಸರು ಕಾರ್ತ್ಲಿ. ಇಂದಿನ ಜಾರ್ಜಿಯ ದೇಶದ ಪೂರ್ವಭಾಗವೇ ಅದು.

ಕ್ರಿ. ಪೂ. 3ನೆಯ ಶತಮಾನದ ಆದಿಯಲ್ಲಿ ಫರ್ನವಾಜನೆಂಬುವನು ಈ ರಾಜ್ಯವನ್ನು ಕಟ್ಟಿದನೆಂದು ಜಾರ್ಜಿಯದ ಪುರಾತನ ವೃತ್ತಾಂತಗಳು ಹೇಳುತ್ತವೆ. ಕೂರಾ, ಅರಾಗ್ವಿ ನದಿಗಳ ಸಂಗಮದಲ್ಲಿರುವ ಮ್ತ್ಸ್‌ಖೇತಾ (ನಮ್ಮ ನಾಲಗೆಗೆ ಒಗ್ಗದ ಹೆಸರು!) ಅದರ ರಾಜಧಾನಿ. ಆ ಜನರ ಮನೆಗಳಿಗೆ ಹೆಂಚಿನ ಮಾಡುಗಳಿದ್ದವೆಂದೂ, ಜನರಲ್ಲಿ ನಾಲ್ಕು ವರ್ಗಗಳಿದ್ದವೆಂದೂ, ಕುಟುಂಬದ ಸ್ವತ್ತೆಲ್ಲವೂ ಸಮಸ್ತರಿಗೂ ಸೇರಿದುದಾಗಿ ಹಿರಿಯನೇ ಯಜಮಾನಿಕೆ ನಡೆಸುತ್ತಿದ್ದನೆಂದೂ ಸ್ಟ್ರಾಬೋ ಎಂಬ ಗ್ರೀಕ್ ಭೂಗೋಳಜ್ಞನು ಬರೆದಿರುವನು. ಓದುವಾಗ ನಮ್ಮ ಅವಿಭಕ್ತ ಕುಟುಂಬವೇ ಕಣ್ಣಿಗೆ ಕಟ್ಟುತ್ತದೆ. ಆದರೆ ನಾಲ್ಕನೆಯ ವರ್ಗದವರು ಅರಸನ ದಾಸರಾಗಿದ್ದರೆಂಬುದನ್ನೂ ಆತನು ಮರೆತಿಲ್ಲ.

ಪಶ್ಚಿಮಕ್ಕೆ ರೋಮ್, ಆಗ್ನೇಯಕ್ಕೆ ಪಾರಸೀಕರು. ಎರಡು ಮದಗಜಗಳ ನಡುವೆ ಸಿಕ್ಕಿದ ಬಾಳು ಅದು. ಕ್ರಿ. ಪೂ. 65ರಲ್ಲಿ ಪಾಂಪೆಯು ದಂಡೆತ್ತಿ ಬಂದಾಗ ಅರಸನಾದ ಅರ್ತೋಸೀಸನು ಸೋತು, ಚಿನ್ನದ ಮಂಚವನ್ನೂ ಮೇಜನ್ನೂ ಸಿಂಹಾಸನವನ್ನೂ ಕಾಣಿಕೆಯಾಗಿ ಕಳುಹಿಸಿದನು. ಅದೂ ಸಾಲದೆ ಹೆತ್ತ ಮಕ್ಕಳನ್ನೇ ಒತ್ತೆಯಿಡಬೇಕಾಯಿತು. ಮುಂದೆ ರೋಮಿನೊಡನೆ ಸ್ನೇಹವೇ ಬೆಳೆಯಿತು. ಉತ್ತರದ ಕಣಿವೆದಾರಿಗಳ ಬೀಗದ ಕೈ ಐಬೀರಿಯದ ಅರಸರ ಬಳಿ ಇದ್ದುದೇ ಅದಕ್ಕೆ ಕಾರಣ. ಕ್ರಿ. ಶ. 75ರಲ್ಲಿ ಚಕ್ರವರ್ತಿ ವೆಸ್ಪೇಸಿಯನ್ ಇವರಿಗಾಗಿ ಕೋಟೆಗೋಡೆಗಳನ್ನು ಬಲಪಡಿಸಿಕೊಟ್ಟುದನ್ನು ಹೇಳುವ ಶಿಲಾಶಾಸನವು ದೊರೆತಿದೆ.

1940ರಲ್ಲಿ ಮ್ತ್ಸ್‌ಖೇತಾದ ಸಮೀಪದಲ್ಲಿ ಇನ್ನೊಂದು ಕಲ್ಲು ಸಿಕ್ಕಿತು. ಗ್ರೀಕ್ ಮತ್ತು ಅರಮೇಯಿಕ್ ಎಂಬ ಎರಡು ಭಾಷೆಗಳಲ್ಲಿ ಕೆತ್ತಿದ ಆ ಬರಹದ ಮುಖ್ಯ ವಿಷಯ ಯುದ್ಧವಲ್ಲ. ಅನುಪಮ ಸುಂದರಿಯಾಗಿದ್ದ ಸೆರಾಪಿತಾ ಎಂಬ ಮಂಡಲಾಧಿಪತಿಯ ಮಗಳು 21ನೆಯ ವಯಸ್ಸಿನಲ್ಲಿ ತೀರಿಕೊಂಡಳೆಂದು ಶೋಕಿಸುತ್ತದೆ.

4ನೆಯ ಶತಮಾನದಲ್ಲಿ ಕಪಡೋಸಿಯದಿಂದ ಬಂದ ನೀನೋ ಎಂಬ ಸಾಧ್ವಿಯ ಪ್ರಭಾವದಿಂದ ದೊರೆ ಮಿರಿಯನನು ಕ್ರೈಸ್ತನಾದನು. ಅಗ್ನಿಪೂಜಕರಾದ ಪಾರಸೀಕ ಚಕ್ರವರ್ತಿಗಳಿಗೆ ಇದು ಸರಿಬೀಳಲಿಲ್ಲ. 5ನೆಯ ಶತಮಾನದಲ್ಲಿ ವಾರ್ಸ್ಕೆನ್ ಎಂಬ ಗಡಿನಾಡಿನ ಮಂಡಲಾಧಿಪತಿಯು ಅವರ ಆಸ್ಥಾನಕ್ಕೆ ಹೋಗಿ ಮತಾಂತರಗೊಂಡು ಬಂದು, ಹೆಂಡತಿಯೂ ತನ್ನ ಹಾದಿ ಹಿಡಿಯಬೇಕೆಂದು ಹಟತೊಟ್ಟನು. ಶುಶಾನಿಕಳು ಒಪ್ಪಲಿಲ್ಲ. ಅವಳನ್ನು ಹೊಡೆದು, ಸಂಕೋಲೆ ತೊಡಿಸಿ, ಆರು ವರ್ಷ ಸೆರೆಯಲ್ಲಿಟ್ಟನು. ಆಕೆ ಅಲ್ಲಿಯೇ ಪ್ರಾಣಬಿಟ್ಟಳು. ಆಕೆಯ ಗುರು ಯಾಕೋಬನು ಬರೆದಿಟ್ಟ ಈ ಕಥೆಯೇ ಇಂದು ಉಳಿದಿರುವ ಜಾರ್ಜಿಯನ್ ಗ್ರಂಥಗಳಲ್ಲಿ ಅತ್ಯಂತ ಹಳೆಯದು. ಒಂದು ನುಡಿಯ ಸಾಹಿತ್ಯವು ಹೆಂಗಸೊಬ್ಬಳ ಸಂಕಟದಿಂದ ಮೊದಲಾದುದು ಸೋಜಿಗವಲ್ಲವೆ?

482ರಲ್ಲಿ ದೊರೆ ವಖ್ತಾಂಗ್ ಗೊರ್ಗಸಾಲಿಯು ವಾರ್ಸ್ಕೆನನನ್ನು ಕೊಂದು ಪಾರಸೀಕರ ಮೇಲೆ ಬಂಡೆದ್ದನು. ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ತ್ಬಿಲಿಸಿ ನಗರವನ್ನು ಸ್ಥಾಪಿಸಿದವನೂ ಇವನೇ ಎಂದು ಐತಿಹ್ಯ. ಅವನ ಬಳಿಕ ಅಂಥ ಪರಾಕ್ರಮಿ ಹುಟ್ಟಲಿಲ್ಲ. ಶ್ರೀಮಂತ ಮನೆತನಗಳಿಗೆ ಅರಸನ ಆಳ್ವಿಕೆಗಿಂತ ದೂರದ ಚಕ್ರವರ್ತಿಯ ಆಳ್ವಿಕೆಯೇ ಹಗುರವೆಂದು ತೋರಿತು. ಸುಮಾರು 580ರಲ್ಲಿ ದೊರೆ ಬಾಕೂರನು ತೀರಿಕೊಂಡಾಗ ಪಾರಸೀಕರು ಅರಸುತನವನ್ನೇ ರದ್ದುಮಾಡಿದರು. ಶ್ರೀಮಂತರು ತಮ್ಮ ಉಂಬಳಿಗಳನ್ನು ಉಳಿಸಿಕೊಂಡು ಸುಮ್ಮನಾದರು. ಆ ನಾಡಿನಲ್ಲಿ ಮತ್ತೊಬ್ಬನು ಕಾರ್ತ್ಲಿಯ ಅರಸನೆಂಬ ಬಿರುದನ್ನು ಧರಿಸಿದುದು 888ರಲ್ಲಿ.