ಗಿನಿ ಕೋಳಿ ಮರಿಗಳನ್ನು ತೋಟಕ್ಕೆ ಬಿಡುವ ಮುನ್ನ

ಗಿನಿ ಕೋಳಿ ಸಾಕಣೆಯಲ್ಲಿ ಮರಿಗಳು ಕೈತಪ್ಪುವುದು ಹೆಚ್ಚಾಗಿ ಎರಡು ಹಂತಗಳಲ್ಲಿ. ಒಂದು, ಮೊಟ್ಟೆಯಿಂದ ಹೊರಬಂದ ಮೊದಲ ಎರಡು ವಾರ. ಇನ್ನೊಂದು, ಗೂಡಿನಿಂದ ಹೊರಗೆ ಬಿಟ್ಟ ಮೊದಲ ಕೆಲವು ದಿನ. ಮೊದಲ ಹಂತದಲ್ಲಿ ಚಳಿ ಮತ್ತು ತೇವ ಕೊಲ್ಲುತ್ತವೆ. ಎರಡನೆಯ ಹಂತದ ನಷ್ಟಕ್ಕೆ ಹಕ್ಕಿಯ ಸ್ವಭಾವ ಮತ್ತು ಸಾಕುವವರ ಅವಸರ ಎರಡೂ ಕಾರಣ. ಆಫ್ರಿಕಾ ಮೂಲದ ಈ ಹಕ್ಕಿ ನಾಟಿ ಕೋಳಿಯಷ್ಟು ಮನೆಗೆ ಒಗ್ಗಿದ್ದಲ್ಲ. ಕಾಳು ಹಾಕುವವರಿಗಿಂತ ತಾನು ಮಲಗುವ ಜಾಗ ಮತ್ತು ತನ್ನ ಗುಂಪೇ ಅದಕ್ಕೆ ಮುಖ್ಯ.

ತುಮಕೂರು ಜಿಲ್ಲೆಯ ಗುಬ್ಬಿ, ಕುಣಿಗಲ್ ಕಡೆಯ ತೆಂಗು, ಅಡಿಕೆ ತೋಟಗಳಿಗೆ ಈ ಹಕ್ಕಿ ಚೆನ್ನಾಗಿ ಹೊಂದುತ್ತದೆ. ನಾಟಿ ಕೋಳಿಯಂತೆ ಬುಡದ ಮುಚ್ಚಿಗೆಯನ್ನೆಲ್ಲ ಕೆದಕಿ ಚೆಲ್ಲಾಡುವುದಿಲ್ಲ; ನಡೆಯುತ್ತಲೇ ಮಿಡತೆ, ಗೆದ್ದಲು, ಕಳೆಯ ಬೀಜ ಹೆಕ್ಕುತ್ತದೆ. ಹಾವು, ನಾಯಿ, ಅಪರಿಚಿತರು ಯಾರೇ ಬಂದರೂ ಕಿರುಚಿ ತೋಟವನ್ನೇ ಎಬ್ಬಿಸುತ್ತದೆ.

ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕು. ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಆಹಾರದಲ್ಲಿ ಶೇಕಡ 24ರಷ್ಟಾದರೂ ಪ್ರೋಟೀನ್ ಇರಬೇಕು. ಆರು ವಾರದ ಹೊತ್ತಿಗೆ ಪುಕ್ಕ ಬಲಿಯುತ್ತದೆ, ಹಾರಲೂ ಬರುತ್ತದೆ. ಮರಿ ದೊಡ್ಡದಾಯಿತೆಂದು ಬಾಗಿಲು ತೆಗೆಯುವ ಆಸೆ ಹುಟ್ಟುವುದು ಆಗಲೇ. ಆದರೆ ಇನ್ನೂ ತಡೆಯಬೇಕು. ಮುಂದೆ ಯಾವ ಗೂಡಿನಲ್ಲಿ ಮಲಗಬೇಕೋ ಅದೇ ಗೂಡಿನಲ್ಲಿ ಕನಿಷ್ಠ ಆರರಿಂದ ಎಂಟು ವಾರ ಕೂಡಿಟ್ಟ ಮರಿಗಳಿಗೆ ಮಾತ್ರ ಅದು ಮನೆ ಎನಿಸುತ್ತದೆ. ಸಂತೆಯಿಂದಲೋ ಬೇರೆ ಫಾರಂನಿಂದಲೋ ಬೆಳೆದ ಹಕ್ಕಿಗಳನ್ನು ತಂದು ಮರುದಿನವೇ ಬಿಟ್ಟರೆ ಅವು ಮರಳುವ ಆಸೆ ಇಟ್ಟುಕೊಳ್ಳುವಂತಿಲ್ಲ. ಗೂಡಿನ ಒಂದು ಬದಿಗೆ ಜಾಲರಿ ಇದ್ದರೆ ಮರಿಗಳು ಒಳಗಿನಿಂದಲೇ ಅಂಗಳ, ಮರ, ಮನೆಯ ನಾಯಿ ಎಲ್ಲವನ್ನೂ ನೋಡಿ ರೂಢಿ ಮಾಡಿಕೊಳ್ಳುತ್ತವೆ. ಮಲಗಲು ಎತ್ತರದಲ್ಲಿ ಅಡ್ಡಕೋಲುಗಳು ಬೇಕು. ಅವು ಇಲ್ಲದಿದ್ದರೆ ಮುಂದೆ ಹಕ್ಕಿ ಮರ ಹುಡುಕಿಕೊಳ್ಳುತ್ತದೆ.

ಮೊದಲ ಬಿಡುಗಡೆಗೆ ಸಂಜೆ, ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ, ಒಳ್ಳೆಯ ಹೊತ್ತು. ಅಂದು ಮಧ್ಯಾಹ್ನದಿಂದ ಮೇವು ಹಾಕುವುದಿಲ್ಲ. ಇಡೀ ಹಿಂಡನ್ನು ಬಿಡದೆ ಎರಡೋ ಮೂರೋ ಹಕ್ಕಿಗಳನ್ನಷ್ಟೇ ಹೊರಗೆ ಬಿಡುತ್ತಾರೆ. ಒಳಗುಳಿದವು ಕೂಗುತ್ತಿರುತ್ತವೆ, ಹೊರಗಿನವು ಆ ಕೂಗನ್ನು ಬಿಟ್ಟು ದೂರ ಹೋಗುವುದಿಲ್ಲ. ಹೆಣ್ಣಿನ ಎರಡು ತುಂಡಿನ ಕೂಗು ಹಿಂಡನ್ನು ಒಟ್ಟುಗೂಡಿಸುತ್ತದೆ. ಗಂಡಿಗೆ ಆ ಕೂಗು ಬರುವುದಿಲ್ಲ, ಒಂದೇ ಸ್ವರದಲ್ಲಿ ಕಿರುಚುತ್ತದೆ. ಹೆಣ್ಣು ಗಂಡು ಗುರುತಿಸುವುದಕ್ಕೂ ಇದಕ್ಕಿಂತ ಸುಲಭದ ದಾರಿಯಿಲ್ಲ. ಕತ್ತಲಾಗುವ ಮೊದಲು ಡಬ್ಬಿ ಅಲ್ಲಾಡಿಸಿ ಗೂಡಿನೊಳಗೆ ನವಣೆಯನ್ನೋ ಸಜ್ಜೆಯನ್ನೋ ಎರಚಿದರೆ ಹೊರಗಿದ್ದವು ಓಡಿ ಬರುತ್ತವೆ. ಕೂಡಿಟ್ಟ ದಿನಗಳಲ್ಲೇ ಡಬ್ಬಿಯ ಸದ್ದಿಗೂ ಕಾಳಿಗೂ ನಂಟು ಕಲಿಸಿರಬೇಕು. ಮರುದಿನ ಬೇರೆ ಎರಡು ಮೂರು, ಆಮೇಲೆ ಅರ್ಧ ಹಿಂಡು. ವಾರ ಹತ್ತು ದಿನದಲ್ಲಿ ಎಲ್ಲವೂ ಹೊರಗೆ. ಹಾರಿ ಬೇಲಿಯಾಚೆ ಇಳಿದ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗಬಾರದು; ಗಾಬರಿಯಾದರೆ ಇನ್ನೂ ದೂರ ಹಾರುತ್ತದೆ.

ಹೊರಗೆ ಅಪಾಯಗಳಿಗೆ ಕೊರತೆಯಿಲ್ಲ. ಹಗಲು ಮುಂಗುಸಿ, ಹದ್ದು, ಬೀದಿನಾಯಿ. ರಾತ್ರಿ ಕಾಡುಬೆಕ್ಕು, ಗೂಬೆ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಚಿರತೆಯೂ ಹೊಸದಲ್ಲ. ಮರದ ಮೇಲೆ ಮಲಗಿದ ಹಕ್ಕಿ ಕತ್ತಲಲ್ಲಿ ಅಲುಗದೆ ಕೂತಿರುತ್ತದೆ, ಗೂಬೆಗೆ ಅದು ಸುಲಭದ ಬೇಟೆ. ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ತಳಿಗಳ ಪೈಕಿ ಚುಕ್ಕೆಯ ಕಾದಂಬರಿ ತೋಟದ ನೆರಳಿನಲ್ಲಿ ಬೇಟೆಯಾಡುವ ಪ್ರಾಣಿಗಳ ಕಣ್ಣಿಗೆ ಬೀಳುವುದು ಕಷ್ಟ. ಬಿಳಿಯ ಶ್ವೇತಾಂಬರಿ ದೂರದಿಂದಲೇ ಎದ್ದು ಕಾಣುತ್ತದೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವನ್ನು ಮರೆಯಬಾರದು: ಅದರ ಜಾರುವ ಅಂಚಿನಿಂದ ಬಿದ್ದ ಮರಿ ಹತ್ತಿ ಬರಲಾರದು. ಪಕ್ಕದ ಹೊಲದ ಅವರೆಗೆ ಔಷಧಿ ಹೊಡೆದ ದಿನ ಹಿಂಡನ್ನು ಒಳಗೇ ಇಡಬೇಕು.

ಕಾಲವನ್ನೂ ನೋಡಬೇಕು. ಗಿನಿ ಕೋಳಿ ಬೇಸಿಗೆಯಿಂದ ಮಳೆಗಾಲದವರೆಗೆ ಮೊಟ್ಟೆಯಿಡುತ್ತದೆ; 26ರಿಂದ 28 ದಿನ ಕಾವು ಬೇಕು. ಏಪ್ರಿಲ್‌ನಲ್ಲಿ ಹುಟ್ಟಿದ ಮರಿ ತುಮಕೂರು ಜಿಲ್ಲೆಯಲ್ಲಿ ಸೆಪ್ಟೆಂಬರ್‌, ಅಕ್ಟೋಬರ್‌ನ ಜೋರು ಮಳೆ ಹಿಡಿಯುವ ಮುನ್ನ ಹೊರಗೆ ಪಳಗಿರುತ್ತದೆ. ನಾಟಿ ಕೋಳಿಯ ಕೆಳಗಿಟ್ಟು ಮರಿ ಮಾಡಿಸುವುದು ಹಳ್ಳಿಯವರಿಗೆ ಇನ್ನೂ ಸುಲಭ. ಸಾಕುತಾಯಿ ಸಂಜೆಗೆ ಗೂಡಿಗೆ ಬಂದರೆ ಮರಿಗಳೂ ಅದರ ಹಿಂದೆ ಬರುತ್ತವೆ. ಗಿನಿ ಹೇಂಟೆಯೇ ಮರಿ ಮಾಡಿದರೆ ಬೆಳಗಿನ ಇಬ್ಬನಿಯ ಹುಲ್ಲಿನಲ್ಲಿ ಅವನ್ನು ಎಳೆದುಕೊಂಡು ತಿರುಗುತ್ತದೆ, ತೊಯ್ದ ಮರಿಗಳು ಒಂದೊಂದೇ ಹಿಂದುಳಿಯುತ್ತವೆ.

ತುಮಕೂರು ನಗರದ ಬಡಾವಣೆಗಳಿಗೆ ಮಾತ್ರ ಈ ಸಾಕಣೆ ಸಲ್ಲದು. ಬೀದಿನಾಯಿ, ವಾಹನಗಳನ್ನು ಹೇಗೋ ನಿಭಾಯಿಸಿದರೂ ಹೊತ್ತು ಮೂಡುವ ಮೊದಲೇ ಶುರುವಾಗುವ ಕೂಗನ್ನು ಅಕ್ಕಪಕ್ಕದವರು ಬಹಳ ದಿನ ಸಹಿಸುವುದಿಲ್ಲ.