ತೊಳೆಯದೆ ಬಿಟ್ಟ ಉಂಗುರ

ಮೊಲದ ಮಹಾಧಮನಿಯನ್ನು ಅಡ್ಡಡ್ಡ ಕೊಯ್ದು ತೆಗೆದ ಪುಟ್ಟ ಉಂಗುರವೊಂದು ಬೆಚ್ಚನೆಯ ಲವಣದ ನೀರಿನಲ್ಲಿ ತೂಗುತ್ತಿತ್ತು. ಅದು 1978. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಔಷಧವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್‌ನ ಪ್ರಯೋಗಾಲಯ. ತಂತ್ರಜ್ಞ ಡೇವಿಡ್ ಡೇವಿಡ್ಸನ್‌ಗೆ ಒಪ್ಪಿಸಿದ್ದ ಕೆಲಸ ಏನೂ ಕಷ್ಟದ್ದಲ್ಲ. ನಾರ್‌ಎಪಿನೆಫ್ರಿನ್ ಹಾಕಿ ಉಂಗುರ ಬಿಗಿಯುವುದನ್ನು ನೋಡಬೇಕು, ಚೆನ್ನಾಗಿ ತೊಳೆಯಬೇಕು, ಆಮೇಲೆ ಕಾರ್ಬಕಾಲ್ ಹಾಕಬೇಕು. ನಡುವಿನ ತೊಳೆಯುವ ಕೆಲಸವೇ ತಪ್ಪಿಹೋಯಿತು. ಬಿಗಿದುಕೊಂಡಿದ್ದ ಉಂಗುರದ ಮೇಲೇ ಕಾರ್ಬಕಾಲ್ ಬಿತ್ತು. ಇನ್ನಷ್ಟು ಬಿಗಿಯಬೇಕಿದ್ದ ರಕ್ತನಾಳ ಸಡಿಲಗೊಂಡಿತು.

ಫರ್ಚ್‌ಗಾಟ್‌ನನ್ನು ಇದು ಕುಟುಕಿದ್ದಕ್ಕೆ ಹಳೆಯದೊಂದು ಕಾರಣವಿತ್ತು. ಕಾರ್ಬಕಾಲ್ ಎಂಬುದು ಅಸಿಟೈಲ್‌ಕೋಲಿನ್‌ನ ಹತ್ತಿರದ ಬಂಧು. ಜೀವಂತ ಪ್ರಾಣಿಗೆ ಅಸಿಟೈಲ್‌ಕೋಲಿನ್ ಚುಚ್ಚಿದರೆ ರಕ್ತನಾಳ ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಆತ ಕೊಯ್ದಿಟ್ಟ ಧಮನಿಯ ಪಟ್ಟಿಗಳು ಅದೇ ರಾಸಾಯನಿಕಕ್ಕೆ ಬಿಗಿಯುತ್ತಿದ್ದವು. ಒಡಲೊಳಗೆ ಒಂದು ನಡತೆ, ಹೊರಗೆ ತೆಗೆದರೆ ಇನ್ನೊಂದು. 1953ರಲ್ಲಿ ಹಾಗೆಂದು ಪ್ರಬಂಧ ಬರೆದವನೂ ಆತನೇ. ಈಗ 25 ವರ್ಷಗಳ ಮೇಲೆ ಒಂದು ಉಂಗುರ ಆ ಮಾತನ್ನು ಅಲ್ಲಗಳೆದಿತ್ತು.

ಪ್ರಯೋಗ ಮತ್ತೆ ಮತ್ತೆ ನಡೆಯಿತು. ಉಂಗುರಗಳು ಸಡಿಲವಾದವು. ಕಿತ್ತಳೆ ಸಿಪ್ಪೆ ಸುಲಿದಂತೆ ಸುರುಳಿಯಾಗಿ ಕೊಯ್ದ ಹಳೆಯ ಬಗೆಯ ಪಟ್ಟಿಗಳು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಅದೇ ಮೊಲ, ಅದೇ ಧಮನಿ, ಅದೇ ಔಷಧ. ಬೇರೆಯಾಗಿದ್ದುದು ಕೊಯ್ದ ರೀತಿ ಒಂದೇ. ಕೊಯ್ಯುವ ದಿಕ್ಕಿನಲ್ಲಿ ಏನೋ ಇದೆಯೆಂಬ ಗುಮಾನಿ ಕೆಲಕಾಲ ಕಾಡಿತು. ಗುಟ್ಟು ಇದ್ದದ್ದು ಅಲ್ಲಲ್ಲ. ಪಟ್ಟಿಯನ್ನು ಬಿಡಿಸಿ ಹರಡುವಾಗ ಅದರ ಒಳಮೈ ಯಾವುದಾದರೊಂದಕ್ಕೆ ಉಜ್ಜಿಕೊಳ್ಳುತ್ತಿತ್ತು. ಉಂಗುರದ ಒಳಮೈಗೆ ಏನೂ ತಾಗುತ್ತಿರಲಿಲ್ಲ. ಸರಿ, ಒಂದು ಉಂಗುರದ ಒಳಮೈಯನ್ನೂ ಬೇಕೆಂದೇ ಮೆಲ್ಲಗೆ ಉಜ್ಜಿ ನೋಡಿದರು. ಸಡಿಲಗೊಳ್ಳುವ ಗುಣ ಅಲ್ಲಿಗೆ ಮುಗಿಯಿತು.

ಉಜ್ಜಿದಾಗ ಹೋಗಿದ್ದು ಎಂಡೋಥೀಲಿಯಂ. ಒಂದೇ ಒಂದು ಕೋಶದಷ್ಟು ದಪ್ಪದ ಆ ಪದರವನ್ನು ಬಹುಮಂದಿ ಅಂಗಿಯೊಳಗಿನ ಅಸ್ತರಿಯಂತೆ ಬರೀ ಹೊದಿಕೆಯೆಂದು ಭಾವಿಸಿದ್ದರು. ಒಗಟಿನ ಉತ್ತರವನ್ನು ಫರ್ಚ್‌ಗಾಟ್ 25 ವರ್ಷ ತನ್ನ ಕೈಯಾರೆ ಒರೆಸಿ ಹಾಕುತ್ತ ಬಂದಿದ್ದ!

ಆ ಪದರವೇ ಏನನ್ನೋ ಸ್ರವಿಸಿ ಪಕ್ಕದ ಸ್ನಾಯುವಿಗೆ ಕಳಿಸುತ್ತಿದೆಯೆ? ಆತ ಮತ್ತು ಸಹಸಂಶೋಧಕ ಜಾನ್ ಜವಾಡ್ಸ್ಕಿ ಒಳಪದರ ಉಜ್ಜಿ ತೆಗೆದ ಪಟ್ಟಿಯೊಂದನ್ನು ತೆಗೆದುಕೊಂಡರು. ಅದು ತಾನಾಗಿ ಸಡಿಲವಾಗುತ್ತಿರಲಿಲ್ಲ. ಒಳಪದರ ಉಳಿದಿದ್ದ ಇನ್ನೊಂದನ್ನು ಸ್ಯಾಂಡ್‌ವಿಚ್‌ನಂತೆ ಅದರ ಮುಖಕ್ಕೆ ಮುಖ ಹಚ್ಚಿದರು. ಅಸಿಟೈಲ್‌ಕೋಲಿನ್ ಹಾಕಿದ್ದೇ ತಡ, ಬೋಳು ಪಟ್ಟಿ ಸಡಿಲಗೊಂಡಿತು. 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಬಂತು.

ಅಲ್ಲಿಂದ ಮುಂದಿನ ಬೇಟೆ ಇನ್ನೂ ಕಠಿಣ. ಆ ಸ್ರಾವ ಹುಟ್ಟಿ ಕೆಲವೇ ಸೆಕೆಂಡುಗಳಲ್ಲಿ ಇಲ್ಲವಾಗುತ್ತಿತ್ತು. ಹಿಡಿದು ಬಾಟಲಿಗೆ ತುಂಬುವ ಮಾತೇ ಇಲ್ಲ. ಸಿಕ್ಕಿದ್ದು ಬರೀ ಹೆಜ್ಜೆಗುರುತು: ಹೀಮೋಗ್ಲೋಬಿನ್ ಬೆರೆಸಿದರೆ ಅದರ ಆಟ ನಡೆಯುತ್ತಿರಲಿಲ್ಲ. 1986ರಲ್ಲಿ ಮಿನ್ನೆಸೋಟದ ರಾಚೆಸ್ಟರ್‌ನಲ್ಲಿ ನಡೆದ ಸಭೆಯಲ್ಲಿ ಫರ್ಚ್‌ಗಾಟ್ ಮತ್ತು ಲೂಯಿಸ್ ಇಗ್ನಾರೊ, ಬೇರೆ ಬೇರೆಯಾಗಿ ದುಡಿದು, ಒಂದೇ ಹೆಸರನ್ನು ಮುಂದಿಟ್ಟರು. ನೈಟ್ರಿಕ್ ಆಕ್ಸೈಡ್! ವಾಹನದ ಹೊಗೆಯಲ್ಲಿರುವ ವಿಷಾನಿಲವನ್ನು ದೇಹ ತನ್ನ ಕೆಲಸಕ್ಕೆ ತಾನೇ ತಯಾರಿಸುತ್ತದೆ ಎನ್ನುವುದು ಸುಲಭಕ್ಕೆ ಗಂಟಲಲ್ಲಿ ಇಳಿಯುವ ಮಾತಾಗಿರಲಿಲ್ಲ. 1987ರಲ್ಲಿ ಇಂಗ್ಲೆಂಡಿನಲ್ಲಿ ಸಾಲ್ವಡಾರ್ ಮೊಂಕಾಡನ ತಂಡ ಎಂಡೋಥೀಲಿಯಂ ಕೋಶಗಳಿಂದ ಹೊಮ್ಮಿದ ಆ ಅನಿಲವನ್ನು ಅಳೆದು ತೋರಿಸಿತು.

ಸಂಗತಿ ಇಷ್ಟು: ಅಸಿಟೈಲ್‌ಕೋಲಿನ್‌ನಂಥ ಸಂದೇಶ ತಲುಪುತ್ತಲೇ ಒಳಪದರ ಆರ್ಜಿನಿನ್ ಎಂಬ ಅಮೈನೊ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ಅನಿಲವಾದ್ದರಿಂದ ಅದು ಕೋಶದ ಪೊರೆ ದಾಟಿ ಸ್ನಾಯುವಿಗೆ ಇಳಿದು ಬಿಗಿತ ಬಿಡಿಸುತ್ತದೆ. ನಾಳ ಹಿಗ್ಗುತ್ತದೆ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೊಗ್ಲಿಸರಿನ್ ಮಾಡುವುದೂ ಇದೇ ಅನಿಲವನ್ನು ಒದಗಿಸುವ ಕೆಲಸ ಎಂಬುದನ್ನು ಫೆರಿಡ್ ಮುರಾಡ್ 1977ರಷ್ಟು ಹಿಂದೆಯೇ ತೋರಿಸಿದ್ದ.

1998ರ ನೊಬೆಲ್ ಫರ್ಚ್‌ಗಾಟ್, ಇಗ್ನಾರೊ, ಮುರಾಡ್‌ಗೆ ಹಂಚಿಹೋಯಿತು. ಮೊಂಕಾಡನ ಹೆಸರು ಬಿಟ್ಟುಹೋದದ್ದನ್ನು ಹಲವರು ಅನ್ಯಾಯವೆಂದೇ ಎಣಿಸಿದರು. ಫರ್ಚ್‌ಗಾಟ್ ಮಾತ್ರ ತನ್ನ ನೊಬೆಲ್ ಉಪನ್ಯಾಸದಲ್ಲಿ ಡೇವಿಡ್ಸನ್‌ನ ಹೆಸರು ಹಿಡಿದು, ಅಂದು ಉಂಗುರ ತೊಳೆಯದೆ ಹೋದ ಕತೆಯನ್ನು ಹೇಳಿದ.