ಪ್ರಾಯವೋ, ಮಾತ್ರೆಯೋ?

ಕೆರಾಡಿ ಕಡೆಯ ಓದುಗರೊಬ್ಬರು ಕೇಳಿದ ಪ್ರಶ್ನೆ ಇದು. ಮುಟ್ಟು ನಿಂತ ಮೇಲೆ ಅವರಿಗೆ ನಿದ್ದೆ ಹಾರಿಹೋಯಿತು, ಕಾರಣವಿಲ್ಲದೆ ಅಳು ಬರತೊಡಗಿತು. ಕುಂದಾಪುರದಲ್ಲಿ ಡಾಕ್ಟರಿಗೆ ತೋರಿಸಿ ಎಸ್ಸಿಟಲೋಪ್ರಾಮ್ ಮಾತ್ರೆ ಶುರು ಮಾಡಿದರು. ಈಗ ನಿದ್ದೆ ಬರುತ್ತದೆ, ಊಟ ಸೇರುತ್ತದೆ, ಆಟ ನೋಡಲು ಹೋಗುವ ಉಮೇದೂ ಮರಳಿದೆ. "ಎಲ್ಲ ಸಮ ಆಯ್ತ್. ಗಂಡನ ಹತ್ರ ಹೋಪ ಮನಸ್ಸೊಂದ್ ಮಾತ್ರ ಇಲ್ಲ. ಇದ್ ಪ್ರಾಯದ್ದಾ, ಮಾತ್ರೆದ್ದಾ?"

ಉತ್ತರದ ಅರ್ಧ ಈ ಪ್ರಶ್ನೆಯೊಳಗೇ ಇದೆ. ಖಿನ್ನತೆ ಆಸೆಯನ್ನು ಕಸಿಯುವಾಗ ಸಾಮಾನ್ಯವಾಗಿ ಎಲ್ಲ ಆಸೆಗಳನ್ನೂ ಒಟ್ಟಿಗೇ ಕಸಿಯುತ್ತದೆ. ಊಟ, ಮಾತು, ಮೊಮ್ಮಕ್ಕಳ ಆಟ, ಯಾವುದೂ ಬೇಡವಾಗುತ್ತದೆ. ಉಳಿದದ್ದೆಲ್ಲ ಮರಳಿ, ಇದೊಂದೇ ಮರಳದಿದ್ದರೆ ಮೊದಲ ಅನುಮಾನ ಮಾತ್ರೆಯ ಮೇಲೆ ಹೋಗಬೇಕು.

ಈ ಮಾತ್ರೆ ಮಾಡುವುದೇನು? ನಮ್ಮ ಕಡೆಯ ಹೊಳೆಗಳಿಗೆ ಕಟ್ಟಿದ ಕಿಂಡಿ ಅಣೆಕಟ್ಟು ನೋಡಿ. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಹಾಕುತ್ತಾರೆ. ಹಲಗೆ ಹೊಸ ನೀರು ತರುವುದಿಲ್ಲ. ಹರಿದುಹೋಗುತ್ತಿದ್ದ ನೀರನ್ನು ನಿಲ್ಲಿಸುತ್ತದೆ, ಅಷ್ಟೆ. ಮಿದುಳಿನಲ್ಲಿ ಒಂದು ನರಕೋಶ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೊರಬಿಟ್ಟು, ಕೆಲಸವಾದ ಕೂಡಲೇ ಅದನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಎಸ್ಸಿಟಲೋಪ್ರಾಮ್, ಸರ್ಟ್ರಲಿನ್, ಫ್ಲುಯೊಕ್ಸೆಟಿನ್, ಪ್ಯಾರೊಕ್ಸೆಟಿನ್ ಈ ಒಳಗೆಳೆಯುವ ದಾರಿಗೆ ಹಲಗೆ ಹಾಕುತ್ತವೆ. ಸೆರೊಟೋನಿನ್ ಕೋಶಗಳ ನಡುವೆ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ನಿಂತ ನೀರು ಬೇಕಾದ ಗದ್ದೆಯನ್ನಷ್ಟೇ ನೋಡಿ ಏರುವುದಿಲ್ಲವಲ್ಲ! ಮೇಲಿನ ಬಾವಿಗಳ ಒರತೆ ಹೆಚ್ಚಿದಂತೆಯೇ ತಗ್ಗಿನ ಅಡಿಕೆ ತೋಟದ ಬುಡದಲ್ಲೂ ಜೌಗು ಏಳುತ್ತದೆ. ಬಯಕೆಗೆ, ಉತ್ಸಾಹಕ್ಕೆ ಬೇಕಾದ ಡೋಪಮಿನ್‌ನ ಕೆಲಸವನ್ನು ಸೆರೊಟೋನಿನ್ ಕೆಲವು ಗ್ರಾಹಕಗಳ ಮೂಲಕ ತಗ್ಗಿಸುತ್ತದೆ. ಬೆನ್ನುಹುರಿಯಲ್ಲಿ ಸುಖದ ತುದಿಯನ್ನು ಮುಟ್ಟಿಸುವ ಪ್ರತಿಕ್ರಿಯೆಯನ್ನೂ ನಿಧಾನ ಮಾಡುತ್ತದೆ. ಅಂದಹಾಗೆ, ಹಲಗೆ ಹಾಕಿದ್ದರಿಂದ ಅನುಕೂಲವಾಯಿತೆಂದ ಮಾತ್ರಕ್ಕೆ ಮೊದಲು ಹೊಳೆ ಬತ್ತಿತ್ತು ಎಂದು ಅರ್ಥವಲ್ಲ. "ಸೆರೊಟೋನಿನ್ ಕಡಿಮೆಯಾದದ್ದೇ ಖಿನ್ನತೆ" ಎಂಬ ಪ್ರಚಾರದ ಮಾತಿಗೆ ಗಟ್ಟಿ ಪುರಾವೆ ಇಲ್ಲ.

ಮಾತ್ರೆಯಿಂದ ಬಯಕೆ ಕುಗ್ಗುವ ಈ ತೊಂದರೆ ಬೆಳಕಿಗೆ ಬಂದ ಬಗೆ ನನ್ನನ್ನು ಇಂದಿಗೂ ಕಾಡುತ್ತದೆ. ಅಮೆರಿಕದ ಎಲಿ ಲಿಲಿ ಕಂಪನಿಯಲ್ಲಿ ಬ್ರಯಾನ್ ಮಾಲಾಯ್, ರೇ ಫುಲ್ಲರ್, ಡೇವಿಡ್ ವಾಂಗ್ ಸೇರಿ ರೂಪಿಸಿದ ಫ್ಲುಯೊಕ್ಸೆಟಿನ್ ಬಗ್ಗೆ ಮೊದಲ ಪ್ರಬಂಧ ಬಂದದ್ದು 1974ರಲ್ಲಿ. 1987ರ ಡಿಸೆಂಬರಿನಲ್ಲಿ ಅದಕ್ಕೆ ಅಲ್ಲಿನ ಸರ್ಕಾರದ ಒಪ್ಪಿಗೆ ಸಿಕ್ಕಿತು. ಆರಂಭದ ಪರೀಕ್ಷೆಗಳಲ್ಲಿ ಲೈಂಗಿಕ ತೊಂದರೆಯ ದೂರು ಬಹಳ ಕಡಿಮೆ ಇತ್ತು. ರೋಗಿ ತಾನಾಗಿ ಬಾಯಿಬಿಟ್ಟು ಹೇಳಿದ್ದನ್ನು ಮಾತ್ರ ಬರೆದುಕೊಂಡಿದ್ದರು. 1997ರಲ್ಲಿ ಸ್ಪೇನಿನ ಆಂಖೆಲ್ ಮೊಂತೆಖೊ ಮತ್ತು ಸಂಗಡಿಗರು ಈ ಜಾತಿಯ ಮಾತ್ರೆ ತಿನ್ನುತ್ತಿದ್ದ 344 ಮಂದಿಯ ಲೆಕ್ಕ ಪ್ರಕಟಿಸಿದರು. ತಾವಾಗಿಯೇ ತೊಂದರೆ ಹೇಳಿಕೊಂಡವರು ನೂರಕ್ಕೆ 14. ವೈದ್ಯರು ನೇರವಾಗಿ ಕೇಳಿದಾಗ ಹೌದೆಂದವರು ನೂರಕ್ಕೆ 58. ಅದೇ ಜನ, ಅದೇ ಮಾತ್ರೆ. ಬದಲಾದದ್ದು ಕೇಳಿದ್ದು ಮಾತ್ರ.

ಸ್ಪೇನಿನಲ್ಲೇ ಹೀಗಾದರೆ ನಮ್ಮಲ್ಲಿ? ಹೊರಗೆ ಸರತಿಯಲ್ಲಿ ಹತ್ತಾರು ಮಂದಿ, ಪಕ್ಕದ ಕುರ್ಚಿಯಲ್ಲಿ ಗಂಡ ಅಥವಾ ಮಗ. ಡಾಕ್ಟರು ನಿದ್ದೆ, ಊಟ ಕೇಳುತ್ತಾರೆ, ಚೀಟಿ ಮುಂದುವರಿಯುತ್ತದೆ. ಹೆಂಗಸಿಗೆ ಐವತ್ತರ ಹತ್ತಿರವಾಗಿದ್ದರಂತೂ "ಪ್ರಾಯ ಆಯ್ತಲ್ಲ, ಇನ್ನೆಂತಕ್ಕೆ ಅದೆಲ್ಲ" ಎಂದು ಎಲ್ಲರೂ, ಕೆಲವೊಮ್ಮೆ ಆಕೆಯೂ, ತೀರ್ಮಾನಿಸಿಬಿಟ್ಟಿರುತ್ತಾರೆ. ಈ ತೀರ್ಮಾನ ಅನ್ಯಾಯದ್ದು.

ಪ್ರಾಯದ ಪಾಲು ಇಲ್ಲವೆಂದಲ್ಲ. ಭಾರತದ ಹೆಂಗಸರಿಗೆ ಸರಾಸರಿ 46-47ಕ್ಕೇ ಮುಟ್ಟು ನಿಲ್ಲುತ್ತದೆ. ಅಮೆರಿಕ, ಯುರೋಪಿನಲ್ಲಿ 51ರ ಆಸುಪಾಸು. ಈಸ್ಟ್ರೋಜನ್ ಇಳಿದಾಗ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ, ಕೂಡುವಾಗ ನೋವಾಗುತ್ತದೆ. ನೋವಿದ್ದಲ್ಲಿ ಮನಸ್ಸೂ ಹಿಂಜರಿಯುತ್ತದೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಲ್ಲಿ ಈಸ್ಟ್ರೋಜನ್ ಅಷ್ಟೇ ಅಲ್ಲ, ಬಯಕೆಗೆ ನೆರವಾಗುವ ಟೆಸ್ಟೊಸ್ಟೆರೋನ್ ಕೂಡ ಒಮ್ಮೆಲೇ ಅರ್ಧದಷ್ಟು ಕುಸಿಯುತ್ತದೆ.

ಬೇರ್ಪಡಿಸಿ ನೋಡಲು ಕೆಲವು ಗುರುತುಗಳಿವೆ. ಹಾರ್ಮೋನಿನ ಬದಲಾವಣೆ ಸಾಮಾನ್ಯವಾಗಿ ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ, ಒಣಗುವಿಕೆ, ಉರಿ, ನೋವು ಅದರ ಜೊತೆಗಿರುತ್ತವೆ. ಮಾತ್ರೆಯದು ಶುರು ಮಾಡಿದ ಅಥವಾ ಡೋಸ್ ಏರಿಸಿದ ಕೆಲವೇ ವಾರಗಳಲ್ಲಿ ತಲೆದೋರುತ್ತದೆ. ಸ್ಪರ್ಶ ಮಂದವಾದಂತೆ, ಎಷ್ಟು ಹೊತ್ತಾದರೂ ತುದಿ ಮುಟ್ಟದಂತೆ ಆಗುವುದು ಅದರದೇ ಮುದ್ರೆ. ಎರಡೂ ಒಟ್ಟಿಗಿರುವುದೂ ಉಂಟು. ಮಾತ್ರೆ ಶುರುವಾದ ತಾರೀಕು, ಡೋಸ್, ಬದಲಾವಣೆ ಕಂಡ ತಿಂಗಳು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಟ್ಟರೆ ಬಾಯಲ್ಲಿ ಹೇಳುವ ಸಂಕೋಚವೂ ತಪ್ಪುತ್ತದೆ.

ಖಿನ್ನತೆ ಇಲ್ಲದೆಯೂ ಈ ವಯಸ್ಸಿನಲ್ಲಿ ಇದೇ ಜಾತಿಯ ಮಾತ್ರೆ ಸಿಗಬಹುದು. ಮೈ ಬಿಸಿಯೇರಿ ಬೆವರುವ ತೊಂದರೆಗೆ ಪ್ಯಾರೊಕ್ಸೆಟಿನ್ 7.5 ಮಿಲಿಗ್ರಾಂ ಕೊಡಲು ಅಮೆರಿಕ 2013ರಲ್ಲಿ ಒಪ್ಪಿತು. ಖಿನ್ನತೆಗೆ ಕೊಡುವುದು ಸಾಮಾನ್ಯವಾಗಿ 20 ಅಥವಾ ಅದಕ್ಕೂ ಹೆಚ್ಚು. ಕಡಿಮೆ ಡೋಸಿನ ಪರೀಕ್ಷೆಗಳಲ್ಲಿ ಬಯಕೆ ಕುಗ್ಗಿದ್ದು ಕಾಣಲಿಲ್ಲ.

"ಹೆಂಗಸರ ವಯಾಗ್ರ" ಎಂದು ಅಬ್ಬರಿಸಿದ ಫ್ಲಿಬಾನ್ಸೆರಿನ್ ಮಾತ್ರೆಯ ಕಥೆಯನ್ನೂ ಹೇಳಬೇಕು. ಮೂಲದಲ್ಲಿ ಅದು ಖಿನ್ನತೆಗೆಂದೇ ಹುಟ್ಟಿ, ಅಲ್ಲಿ ಸೋತದ್ದು. 2015ರಲ್ಲಿ ಮುಟ್ಟು ನಿಲ್ಲದ ಹೆಂಗಸರಿಗೆಂದು ಒಪ್ಪಿಗೆ ಪಡೆಯಿತು. ಅದರಿಂದ ತಿಂಗಳಿಗೆ ಸಿಗುವ ಹೆಚ್ಚುವರಿ ತೃಪ್ತಿಯ ಕೂಟ ಒಂದಕ್ಕೂ ಕಡಿಮೆ ಎಂದು ಪರೀಕ್ಷೆಗಳು ತೋರಿಸಿದವು. ಅಷ್ಟಕ್ಕೆ ಅಷ್ಟು ಪ್ರಚಾರ!

ಅದಕ್ಕಿಂತ ಕೈಗೆಟಕುವ ದಾರಿಗಳಿವೆ. ಡಾಕ್ಟರು ಡೋಸ್ ಇಳಿಸಬಹುದು. ಡೋಪಮಿನ್ ದಾರಿಯಲ್ಲಿ ಕೆಲಸ ಮಾಡುವ ಬುಪ್ರೊಪಿಯಾನ್‌ಗೆ ಅಥವಾ ಮಿರ್ಟಜಪಿನ್‌ಗೆ ಬದಲಿಸಬಹುದು. ಇವುಗಳಲ್ಲಿ ಈ ತೊಂದರೆ ಕಡಿಮೆ. ಒಣಗುವಿಕೆಗೆ ಹಚ್ಚುವ ಈಸ್ಟ್ರೋಜನ್ ಕ್ರೀಮು ಒಳ್ಳೆಯ ಮದ್ದು. ಸ್ತನ ಕ್ಯಾನ್ಸರ್ ಆದವರು ಮೊದಲು ಕ್ಯಾನ್ಸರ್ ವೈದ್ಯರನ್ನು ಕೇಳಲೇಬೇಕು. ಮಾಡಬಾರದ್ದು ಒಂದೇ: ಸಿಟ್ಟಿನಲ್ಲೋ ಸಂಕೋಚದಲ್ಲೋ ಮಾತ್ರೆಯನ್ನು ಒಮ್ಮೆಲೇ ಬಿಡುವುದು. ತಲೆಸುತ್ತು, ಕರೆಂಟು ಹೊಡೆದಂಥ ಅನುಭವ, ಖಿನ್ನತೆಯ ಮರುದಾಳಿ ಕಾದಿರುತ್ತವೆ. ಕೆಲವರಲ್ಲಿ ಮಾತ್ರೆ ಬಿಟ್ಟ ಮೇಲೂ ಲೈಂಗಿಕ ತೊಂದರೆ ಉಳಿಯಬಹುದೆಂದು ಯುರೋಪಿನ ಔಷಧ ಸಂಸ್ಥೆ 2019ರಲ್ಲಿ ಎಚ್ಚರಿಸಿದೆ. ಹಾಗಾಗಿ ಈ ವಿಷಯವನ್ನು ಡಾಕ್ಟರ ಹತ್ತಿರ ಆದಷ್ಟು ಬೇಗ ಎತ್ತುವುದು ಒಳ್ಳೆಯದು. ಎದುರು ಕೂತು ಹೇಳಲು ಆಗದವರಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.